ಭಾರ ಇಳಿಸಬೇಕಾದದ್ದು ಎಲ್ಲಿ?

1998ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯೂ220 ಎಸ್-ಕ್ಲಾಸ್ ತನ್ನ ಹಿಂದಿನ ದೈತ್ಯ ಡಬ್ಲ್ಯೂ140ಗಿಂತ ಸಾಕಷ್ಟು ಹಗುರಾಗಿತ್ತು. ಉಕ್ಕಿನ ಸ್ಪ್ರಿಂಗ್ ಬದಲಿಗೆ ಏರ್‌ಮ್ಯಾಟಿಕ್ ಎಂಬ ಗಾಳಿಯ ಸಸ್ಪೆನ್ಷನ್ ಅದಕ್ಕಿತ್ತು. ಈಗ ಥಾಣೆಯಲ್ಲೋ ನವಿ ಮುಂಬಯಿಯಲ್ಲೋ ಇಂಥ ಕಾರು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಸಿಗುವ ಮೊದಲ ಸಲಹೆ, ಏರ್ ಕಿತ್ತು ಉಕ್ಕಿನ ಕಾಯಿಲ್ ಸ್ಪ್ರಿಂಗ್ ಹಾಕಿಸಿ ಅನ್ನುವುದು. ಭಾರವೂ ಇಳಿಯುತ್ತದೆ, ತಲೆನೋವೂ ತಪ್ಪುತ್ತದೆಯಂತೆ. ಎರಡನೆಯದನ್ನು ಅರ್ಧ ಒಪ್ಪಬಹುದು, ಮೊದಲನೆಯದನ್ನು ಅಷ್ಟೂ ಒಪ್ಪಲಾಗದು. ಏರ್‌ಮ್ಯಾಟಿಕ್‌ನಲ್ಲಿ ಗಾಳಿ ಹಿಡಿದಿಡುವ ರಬ್ಬರ್ ಚೀಲ ಮಡಿಕೆ ಬೀಳುವ ಜಾಗದಲ್ಲಿ ವರ್ಷ ಕಳೆದಂತೆ ಸಣ್ಣಗೆ ಬಿರಿಯುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಯಲ್ಲಿ ಕುಸಿದಿರುತ್ತದೆ. ಸೋರಿದ ಗಾಳಿ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗವನ್ನು ಮೊದಲೇ ಹುಡುಕಿದ್ದರೆ ಆ ಕಂಪ್ರೆಸರ್ ಉಳಿಯುತ್ತಿತ್ತು. ಬಾಳಿಕೆಯಿಲ್ಲ ಎಂಬ ದೂರಿನಲ್ಲಿ ಒಂದು ಪಾಲು ಹೀಗೆ ತಡಮಾಡಿದವರದು.

ತೂಕದ ಲೆಕ್ಕವಂತೂ ಇನ್ನೂ ಸಡಿಲ. ಕಂಪ್ರೆಸರ್, ವಾಲ್ವ್, ಪೈಪು ಕಳಚಿದರೆ ಇಳಿಯುವುದು ಕೆಲವೇ ಕಿಲೊ, ಅದೂ ಸ್ಪ್ರಿಂಗಿನ ಮೇಲಿನ ಭಾರ. ಘೋಡ್‌ಬಂದರ್ ರೋಡಿನ ಮಳೆಗಾಲದ ಗುಂಡಿಯಲ್ಲಿ ಬುಶ್, ಬಾಲ್ ಜಾಯಿಂಟ್‌ಗಳನ್ನು ತಿನ್ನುವುದು ಸ್ಪ್ರಿಂಗಿನ ಕೆಳಗಿನ ಭಾರ: ಚಕ್ರ, ಟೈರು, ಬ್ರೇಕು. ಈ ಕಾರಿನ ಹಲವು ಮಾದರಿಗಳಿಗೆ ಕಂಪನಿ ಕೊಟ್ಟದ್ದು 16 ಇಂಚಿನ ಚಕ್ರ, 225/60 ಟೈರು. ಅಂದರೆ 135 ಮಿ.ಮೀ. ಎತ್ತರದ ರಬ್ಬರ್ ಪಕ್ಕೆ. ಏಟಿನ ಮೊದಲ ಪಾಲನ್ನು ಅದೇ ನುಂಗುತ್ತದೆ. ಕಾಯಿಲ್ ಹಾಕಿಸಿದ ಮೇಲೆ ಶೋಕಿಗೆಂದು 20 ಇಂಚಿನ ಅಲಾಯ್ ಏರಿಸಿದರೆ, ಮೇಲೆ ಉಳಿಸಿದ್ದನ್ನು ಕೆಳಗೆ ಬಡ್ಡಿಸಮೇತ ಕಟ್ಟಿದಂತೆ.

ಕಲ್ಯಾಣ್-ಶೀಲ್ ರೋಡಿನಲ್ಲಿ ದಿನಾ ಓಡಾಡುವವನಿಗೆ ಸಿದ್ಧಾಂತವಲ್ಲ, ಖರ್ಚು ಮುಖ್ಯ ಎನ್ನಬಹುದು. ನಿಜ, ನಾಲ್ಕೂ ಚೀಲ ಒಟ್ಟಿಗೆ ಹೋದರೆ ಬಿಲ್ಲು ಕಾರಿನ ಬೆಲೆಗೇ ಪೈಪೋಟಿ ಕೊಡುತ್ತದೆ. ಆಗ ಕಾಯಿಲ್ ಹಾಕಿಸುವುದು ತಪ್ಪಲ್ಲ. ಆದರೆ ಕಳೆದುಕೊಳ್ಳುವುದೇನೆಂದೂ ತಿಳಿದಿರಬೇಕು. ಏರ್‌ಮ್ಯಾಟಿಕ್‌ನಲ್ಲಿ ಒಂದು ಬಟನ್ ಒತ್ತಿದರೆ ಕಾರು ಮೇಲೇಳುತ್ತದೆ. ಡೊಂಬಿವಲಿಯ ಸೊಸೈಟಿಗಳ ಕಡಿದಾದ ರ‍್ಯಾಂಪಿಗೂ ಅಳತೆಯಿಲ್ಲದ ಸ್ಪೀಡ್ ಬ್ರೇಕರಿಗೂ ಇದಕ್ಕಿಂತ ಹೆಚ್ಚು ಒದಗುವ ಸೌಲಭ್ಯ ಯಾವುದು? ಹಿಂದಿನ ಸೀಟು ತುಂಬಿದರೂ ಅದು ಮಟ್ಟ ಕಾಯುತ್ತದೆ. ಕಾಯಿಲ್ ಒಂದೇ ಭಾರಕ್ಕೆ ಹೊಂದಿಸಿದ್ದು. ಮೂವರು ಕೂತು ಡಿಕ್ಕಿಯೂ ತುಂಬಿದಾಗ ಹಿಂಭಾಗ ಕೂತು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.