ಸರಿಯುತ್ತರವಷ್ಟೇ ಸಾಲದು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಗಳು ಕಾಲೇಜಿನಲ್ಲಿ ವರದಿ ಬರೆಯಲು ತಡವರಿಸಿದರೆ ನಾವು ಇಂಗ್ಲಿಷನ್ನು ದೂರುತ್ತೇವೆ. ಭಾಷೆಯ ತೊಡಕು ನಿಜ. ಅದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಶಾಲೆಯಲ್ಲಿ ಉತ್ತರ ಸರಿಯಿದ್ದರೆ ಸಾಕು. ಕಾಲೇಜಿನಲ್ಲಿ ಆ ಉತ್ತರ ಹೇಗೆ ದೊರೆಯಿತು ಎಂಬುದನ್ನೂ ತೋರಿಸಬೇಕು. ಈ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳುವವರು ಕಡಿಮೆ.

ಬೆಳ್ತಂಗಡಿ ತಾಲೂಕಿನ ಲಾಯಿಲದಂತಹ ಊರನ್ನೇ ತೆಗೆದುಕೊಳ್ಳಿ. ಅಡಿಕೆ ತೋಟವಿರುವ ಮನೆಯ ಮಕ್ಕಳಿಗೆ ಕೊಳೆರೋಗ ಹೊಸದಲ್ಲ. ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿದರೆ ರೋಗ ಹತೋಟಿಗೆ ಬರುತ್ತದೆ, 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತು, 1 ಕಿಲೋಗ್ರಾಂ ಸುಣ್ಣ ಎಂದು ಬರೆದರೆ ಶಾಲೆಯಲ್ಲಿ ಪೂರ್ಣ ಅಂಕ ಸಿಗಬಹುದು. ಕಾಲೇಜಿನ ವರದಿಗೆ ಇದು ಬರಿಯ ಆರಂಭ. ಎಷ್ಟು ಮರಗಳನ್ನು ನೋಡಿದಿರಿ? ಮದ್ದು ಬಿಡದ ಮರಗಳೊಡನೆ ಹೋಲಿಸಿದಿರಾ? ಮದ್ದು ಬಿಟ್ಟ ಎಷ್ಟು ಹೊತ್ತಿಗೆ ಮಳೆ ಬಂತು? ಇವುಗಳಲ್ಲಿ ಕಣ್ಣಾರೆ ಕಂಡದ್ದು ಯಾವುದು, ಮನೆಯ ಹಿರಿಯರು ಹೇಳಿದ್ದು ಯಾವುದು, ಪುಸ್ತಕದಿಂದ ಬಂದದ್ದು ಯಾವುದು?

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕುರಿತು ವರದಿ ಪ್ರಕಟಿಸಿದರು. ಬೆಳೆಗಾರರಿಗೆ ಆ ರೋಗ ಅದಕ್ಕೆ ಮುನ್ನವೇ ಗೊತ್ತಿತ್ತು. ಗೊತ್ತಿರುವುದನ್ನೂ ಪರೀಕ್ಷಿಸಿ, ಇನ್ನೊಬ್ಬರು ಮರಳಿ ಪರಿಶೀಲಿಸಲು ಬರುವಂತೆ ದಾಖಲಿಸುವುದೇ ವಿಜ್ಞಾನ ಬರವಣಿಗೆಯ ಕೆಲಸ.

ಆದರೆ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ಅನೇಕ ವೇಳೆ ಇದಕ್ಕೆ ವಿರುದ್ಧವಾದ ಪಾಠ ಕಲಿಸುತ್ತದೆ. ಸರಳ ಲೋಲಕದ ಪ್ರಯೋಗವನ್ನು ನೋಡಿ. ಲೋಲಕದ ಉದ್ದ 100 ಸೆಂಟಿಮೀಟರ್ ಇದ್ದರೆ 20 ಆಂದೋಲನಗಳಿಗೆ ನಮ್ಮ ಜಿಲ್ಲೆಯಲ್ಲಿ ಸುಮಾರು 40.2 ಸೆಕೆಂಡು ಬೇಕು. ಸ್ಟಾಪ್‌ವಾಚ್ ನಿಲ್ಲಿಸುವುದು ತುಸು ತಡವಾಗಿ 40.6 ಬಂತೆನ್ನಿ. ಆಗ ಗುರುತ್ವ ವೇಗೋತ್ಕರ್ಷದ ಬೆಲೆ 978ರ ಬದಲು 958 ಸೆಂ.ಮೀ./ಸೆ² ಆಗುತ್ತದೆ. ಕಾಲದ ಅಳತೆಯಲ್ಲಿ ದೋಷ ಸುಮಾರು ಶೇಕಡಾ 1. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಫಲಿತಾಂಶದಲ್ಲಿ ಅದು ಶೇಕಡಾ 2. ಇಷ್ಟನ್ನು ತನ್ನ ಮಾತಿನಲ್ಲಿ ವಿವರಿಸಿದ ವಿದ್ಯಾರ್ಥಿ ಪ್ರಯೋಗವನ್ನು ಅರ್ಥ ಮಾಡಿಕೊಂಡಂತೆ. ಆದರೆ 958 ಎಂದು ಬರೆದವರಿಗೆ ಅಂಕ ಕಡಿತ, 40.6ನ್ನು ಅಳಿಸಿ 40.2 ಮಾಡಿದವರಿಗೆ ಪೂರ್ಣ ಅಂಕ ಎಂದಾದರೆ ಮಕ್ಕಳು ಕಲಿಯುವುದೇನು? ಮುಂದೆ ಅವರೇ ಸಂಶೋಧನೆಗೆ ಹೋದಾಗ ಈ ಅಭ್ಯಾಸ ಎಲ್ಲಿಗೆ ಮುಟ್ಟೀತು?

ಪರಿಹಾರಕ್ಕೆ ಹಣ ಬೇಕಿಲ್ಲ. ಅಳತೆಗಳನ್ನು ಪೆನ್ನಿನಲ್ಲೇ ಬರೆಯಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಿದ್ದಲಿ. ಫಲಿತಾಂಶದಷ್ಟೇ ಅಂಕ ದೋಷದ ವಿವರಣೆಗೂ ಇರಲಿ. ವರದಿಯ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಲು ಬಿಡಿ. ಹೇಳಬೇಕಾದದ್ದು ತನ್ನ ಭಾಷೆಯಲ್ಲಿ ಸ್ಪಷ್ಟವಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಅಷ್ಟು ಕಷ್ಟವಾಗದು.