ಹೈದರಾಬಾದಿನ ಚಿಲಕ

2022ರ ಮಾರ್ಚ್ 20ರ ರಾತ್ರಿ. ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ನಡೆಯುತ್ತಿತ್ತು; ನಾನು ಹೈದರಾಬಾದಿನ ಮೆಹದಿಪಟ್ಟಣಂನ ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆ. 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ಹೊಡೆದ ಗೋಲಿನಿಂದ ಆಟ 1-1 ಆಯಿತು. ಪೆನಾಲ್ಟಿಗಳಲ್ಲಿ ಹೈದರಾಬಾದ್ ಎಫ್‌ಸಿ ಕೇರಳ ಬ್ಲಾಸ್ಟರ್ಸ್ ತಂಡವನ್ನು 3-1ರಿಂದ ಸೋಲಿಸಿತು. ಮರುದಿನ ಚಹಾದ ಹೋಟೆಲಿನಲ್ಲಿ ಕೇಳಿದ್ದು ಮೂರೇ ಹೆಸರು: ಪೆನಾಲ್ಟಿ ತಡೆದ ಕಟ್ಟಿಮನಿ, ಸಮಬಲ ತಂದ ತವೋರಾ, ಆ ಋತುವಿನಲ್ಲಿ 18 ಗೋಲು ಹೊಡೆದ ಒಗ್ಬೆಚೆ. ನಾಯಕ ಜೋವೊ ವಿಕ್ಟರನ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅದಕ್ಕೆ ಕಾರಣ ತಿಳಿದದ್ದು ಮುಂದಿನ ಋತುವಿನಲ್ಲಿ. ಸಾಂಕ್ರಾಮಿಕದ ಕಾಲದಲ್ಲಿ ಲೀಗ್ ಪೂರ್ತಿ ಗೋವಾದಲ್ಲೇ ನಡೆದಿತ್ತು. ನಮ್ಮೂರಿನ ತಂಡವನ್ನು ನಾವು ಟೀವಿಯಲ್ಲಷ್ಟೇ ಕಂಡಿದ್ದೆವು. ಪಂದ್ಯಗಳು ನಮ್ಮೂರಿನ ಗಚ್ಚಿಬೌಲಿ ಕ್ರೀಡಾಂಗಣಕ್ಕೆ ಮರಳಿದಾಗ ಮೆಹದಿಪಟ್ಟಣಂನಿಂದ ಬಸ್ಸು ಹಿಡಿದು, ಟೋಲಿಚೌಕಿ ದಾಟಿ ಹೋಗಿ ಕೂತು ನೋಡಿದೆ. ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಜೋವೊ ವಿಕ್ಟರನ ಮುಕ್ಕಾಲು ಕೆಲಸ ಚೆಂಡು ಇಲ್ಲದ ಕಡೆ ನಡೆಯುತ್ತಿತ್ತು. ಎಡಗಡೆಯಿಂದ ಆಕಾಶ್ ಮಿಶ್ರಾ ಮುಂದಕ್ಕೆ ನುಗ್ಗಿದ ಕೂಡಲೇ ಆತ ಹತ್ತು ಹೆಜ್ಜೆ ಎಡಕ್ಕೆ ಸರಿದು ಖಾಲಿಯಾದ ಜಾಗದಲ್ಲಿ ನಿಲ್ಲುತ್ತಿದ್ದ. ಬಲಗಡೆ ನಿಖಿಲ್ ಪೂಜಾರಿ ಹೋದರೆ ಬಲಕ್ಕೆ. ಓಡಿದ್ದಲ್ಲ, ನಡೆದದ್ದು. ಎದುರಾಳಿ ಚೆಂಡು ಕಸಿದು ತಲೆ ಎತ್ತುವ ಹೊತ್ತಿಗೆ ಪಾಸ್ ಕೊಡಬೇಕಾದ ದಾರಿಯಲ್ಲಿ ಈತ ಆಗಲೇ ನಿಂತಿರುತ್ತಿದ್ದ. ಆಗದೇ ಹೋದ ಆ ಪಾಸ್ ಯಾವ ಅಂಕಿಅಂಶದ ಪಟ್ಟಿಯಲ್ಲೂ ಬರುವುದಿಲ್ಲ.

ರಕ್ಷಣಾ ಸಾಲಿನ ಮುಂದೆ ನಿಂತು ಆಡುವ ಈ ಜಾಗಕ್ಕೆ ಪೋರ್ಚುಗಲ್‌ನವರು ಇಟ್ಟ ಹೆಸರು ‘ಟ್ರಿಂಕು’. ಹಾಗೆಂದರೆ ಬಾಗಿಲ ಚಿಲಕ. 2016ರ ಯೂರೋ ಕಪ್ ಗೆದ್ದ ಪೋರ್ಚುಗಲ್ ತಂಡದ ವಿಲಿಯಂ ಕಾರ್ವಾಲೊ, ಈಚಿನ ಜೋವೊ ಪಲಿನ್ಯಾ ಆ ಬಗೆಯವರು. ಅದೇ ಭಾಷೆಯಾಡುವ ಬ್ರೆಜಿಲ್‌ನಲ್ಲಿ ಇದೇ ಜಾಗ ‘ವೊಲಾಂಚಿ’. ಆ ಮಾತಿಗೆ ಸ್ಟೀರಿಂಗ್ ಎಂಬ ಅರ್ಥವೂ ಇದೆ. ಬ್ರೆಜಿಲ್‌ನಲ್ಲಿ ಹುಟ್ಟಿ, ಸ್ಪೇನ್‌ನ ಮಯೋರ್ಕಾದಲ್ಲಿ ಆಡಿ, 2020ರಲ್ಲಿ ಹೈದರಾಬಾದಿಗೆ ಬಂದ ನಮ್ಮ ಜೋವೊ ಎರಡೂ ಆಗಿದ್ದ. ಕೋಚ್ ಮನೋಲೊ ಮಾರ್ಕೆಸ್ ತಂಡವನ್ನು ನಿಲ್ಲಿಸಿದ್ದೇ ಈತನ ಸುತ್ತ. 2019-20ರಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡ ಎರಡೇ ವರ್ಷದಲ್ಲಿ ಕಪ್ ಎತ್ತಿದ್ದಕ್ಕೆ ಒಗ್ಬೆಚೆಯ ಗೋಲುಗಳಷ್ಟೇ ಕಾರಣವಲ್ಲ. ಅಷ್ಟು ಜನ ಧೈರ್ಯವಾಗಿ ಮುಂದೆ ಹೋಗಲು ಹಿಂದೆ ಒಬ್ಬ ಉಳಿಯುತ್ತಿದ್ದ ಎಂಬುದೂ ಕಾರಣ. ಫೈನಲ್‌ನ ಪೆನಾಲ್ಟಿಗಳಲ್ಲಿ ಹೈದರಾಬಾದ್ ಪರ ಮೊದಲು ಚೆಂಡಿನ ಮುಂದೆ ಹೋಗಿ ನಿಂತು ಗೋಲು ಹೊಡೆದವನೂ ಆತನೇ.

ಕೊರತೆ ಇರಲಿಲ್ಲವೇ? ಇತ್ತು. ಬೆನ್ನ ಹಿಂದೆ ಚೆಂಡು ಬಿದ್ದರೆ ತಿರುಗುವುದು ನಿಧಾನ. ಚುರುಕು ಕಾಲಿನ ಹುಡುಗರು ಎದುರಾದಾಗ ಅಂಗಿ ಹಿಡಿದು ಎಳೆದು ಫೌಲ್ ಮಾಡಿಯೇ ತಡೆಯಬೇಕಾಗುತ್ತಿತ್ತು. ತಂಡ ಹಿಂದೆ ಬಿದ್ದಾಗಲೂ ಅಡ್ಡಕ್ಕೆ ಸುರಕ್ಷಿತ ಪಾಸ್ ಕೊಡುವ ಅಭ್ಯಾಸ ನನ್ನ ತಾಳ್ಮೆಯನ್ನು ಬಹಳ ಸಲ ಕೆಣಕಿದೆ.

ಈ ಊರಿಗೆ ಈ ವಿದ್ಯೆ ಹೊಸದಲ್ಲ. ಈ ಜಾಗದಲ್ಲಿ ಆಡುವವನನ್ನು ಹಳಬರು ಇವತ್ತಿಗೂ ‘ಹಾಫ್’ ಎಂದೇ ಕರೆಯುತ್ತಾರೆ. ಮೇಷ್ಟರಾಗಿದ್ದ ಸೈಯದ್ ಅಬ್ದುಲ್ ರಹೀಂ ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಆ ತಂಡದ ನೂರ್ ಮೊಹಮ್ಮದ್ 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಹಾಫ್. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತ ಭಾರತ ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ರಹೀಂ ಸಾಹೇಬರ ಆ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ಹಾಫ್ ಕೆಂಪಯ್ಯನವರೂ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವವರಲ್ಲಿ ಎಷ್ಟು ಜನ ಆ ಹೆಸರು ಎತ್ತುತ್ತಾರೆ? ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಎಲ್ಲರಿಗೂ ಗೊತ್ತು. ಹಾಫ್‌ಗಳ ಹಣೆಬರಹ ಆಗಲೂ ಇದೇ ಆಗಿತ್ತು.

ನನ್ನ ನಿಜವಾದ ತಕರಾರು ಜೋವೊ ಮೇಲಲ್ಲ. ಫತೋರ್ಡಾದ ಫೈನಲ್‌ಗೆ ಇಳಿದ ಹನ್ನೊಂದು ಜನರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು ಒಬ್ಬರೂ ಇರಲಿಲ್ಲ. ಒಂದು ಕಾಲಕ್ಕೆ ದೇಶಕ್ಕೇ ಹಾಫ್‌ಗಳನ್ನು ಕೊಟ್ಟ ಊರು ಆ ಜಾಗಕ್ಕೆ ಬ್ರೆಜಿಲ್‌ನಿಂದ ಆಳು ತರಿಸಿತು. ತರಿಸಿದ್ದು ತಪ್ಪಲ್ಲ. ಆತ ಇದ್ದ ವರ್ಷಗಳಲ್ಲಿ ಮಾಸಬ್ ಟ್ಯಾಂಕ್, ಆಸಿಫ್ ನಗರದ ಹುಡುಗರನ್ನು ಕರೆದು, ನೋಡ್ರೋ, ಚೆಂಡು ಮುಟ್ಟದೆ ಆಡುವುದು ಹೀಗೆ ಎಂದು ಯಾರಾದರೂ ಕಲಿಸಬೇಕಿತ್ತು.

2023-24ರಲ್ಲಿ ಕ್ಲಬ್ ಹಣದ ಬಿಕ್ಕಟ್ಟಿಗೆ ಸಿಕ್ಕಿತು. ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು; ಜೋವೊ ಎಳೆಯ ಹುಡುಗರ ನಡುವೆ ಉಳಿದ. 22 ಪಂದ್ಯಗಳಲ್ಲಿ ಒಂದೇ ಗೆಲುವು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಗೆದ್ದ ವರ್ಷಕ್ಕಿಂತ ಆ ಸೋತ ವರ್ಷದಲ್ಲೇ ಈತನ ಆಟದ ತೂಕ ನನಗೆ ಹೆಚ್ಚು ಅರ್ಥವಾಯಿತು. ಸುತ್ತ ಎಲ್ಲವೂ ಕುಸಿಯುತ್ತಿದ್ದಾಗಲೂ ಆತ ಅದೇ ಹತ್ತು ಹೆಜ್ಜೆ ಎಡಕ್ಕೆ, ಹತ್ತು ಹೆಜ್ಜೆ ಬಲಕ್ಕೆ ಸರಿದು ನಿಲ್ಲುತ್ತಿದ್ದ.

2025ರಲ್ಲಿ ಆ ಕ್ಲಬ್ಬೇ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಈ ಊರಿನ ಹಾಫ್‌ಗಳ ಪಟ್ಟಿ ಬರೆಯುವವರಿದ್ದರೆ ನೂರ್ ಮೊಹಮ್ಮದರ ನಂತರದ ಸಾಲಿನಲ್ಲಿ ಜೋವೊ ವಿಕ್ಟರನ ಹೆಸರು ಬರೆಯಿರಿ.