ಆಫೀಸಿಂದ ರಿಟೈರಾದ ಡಬ್ಬಿ

ಹಾಲ್‌ನ ಟಿವಿಗೆ ಜೋಡಿಸಲು ಯಾವ ಕಂಪ್ಯೂಟರ್ ಕೊಳ್ಳಲಿ ಎಂದು ಕೇಳುವವರಿಗೆ ನಾನು ಹೊಸ ಮಾಲು ಹೇಳುವುದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳು ಕೈಬಿಟ್ಟು ಎಸ್.ಪಿ. ರಸ್ತೆಯ ಅಂಗಡಿ ಸೇರುವ ಲೀಟರ್ ಗಾತ್ರದ ಡಬ್ಬಿಗಳಿವೆಯಲ್ಲ, ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ, ಅವನ್ನು ನೋಡಿ ಅನ್ನುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಜನರೇಷನ್ನಾದರೂ ಬೇಕು. ಏಳನೆಯದರಲ್ಲಿ ಅದು ಒಪ್ಪುವುದು ಬೆರಳೆಣಿಕೆಯಷ್ಟನ್ನು. ಹೀಗೆ ಆಫೀಸಿಗೆ ಬೇಡವಾದ ಏಳನೇ ಜನರೇಷನ್ ಸಿನಿಮಾಗೆ ಮಾತ್ರ ಹೇಳಿ ಮಾಡಿಸಿದ್ದು. 4ಕೆ ಚಿತ್ರಗಳ 10-ಬಿಟ್ ಎಚ್‌ಇವಿಸಿ ಫೈಲುಗಳನ್ನು ಅದರ ಗ್ರಾಫಿಕ್ಸೇ ನಿಭಾಯಿಸುತ್ತದೆ. ಆರನೆಯದಕ್ಕೆ ಆ ತಾಕತ್ತಿಲ್ಲ. ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು, ಕಾದು, ಫ್ಯಾನ್ ಅರಚತೊಡಗುತ್ತದೆ. ಆದ್ದರಿಂದ ಪ್ರೊಸೆಸರ್ ಹೆಸರನ್ನು ಅಕ್ಷರಕ್ಷರ ಓದಿ. ಐ5-7500ಟಿ ಎಂದಿದ್ದರೆ ಅದರ 7 ಜನರೇಷನ್, ಕೊನೆಯ ಟಿ ಅಂದರೆ 35 ವ್ಯಾಟ್‌ನ ತಣ್ಣನೆ ತಳಿ. ಟಿ ಇಲ್ಲದ 7500 ಆದರೆ 65 ವ್ಯಾಟ್. ಬೇಡ.

ಸದ್ದಿನ ಪರೀಕ್ಷೆ ಎಸ್.ಪಿ. ರಸ್ತೆಯಲ್ಲಿ ಆಗದು. ಅಲ್ಲಿನ ಹಾರ್ನ್‌ಗಳ ನಡುವೆ ಜನರೇಟರೂ ಮೌನಗೌರಿಯೇ. ನಾನು ತಂದದ್ದು ಅಂಗಡಿಯಲ್ಲಿ ತೆಪ್ಪಗಿತ್ತು; ರಾತ್ರಿ ಹತ್ತೂವರೆಗೆ ಮನೆಯಲ್ಲಿ ಹಾಕಿದರೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದಂತೆ ಗುಂಯ್ ಅಂತು. ಹಿಂದಿನ ಒಂದೇ ಸ್ಕ್ರೂ ಬಿಚ್ಚಿ ಮುಚ್ಚಳ ಸರಿಸಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿ ಹೊದ್ದಂತೆ ಧೂಳು. ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಹಳೇ ಟೂತ್‌ಬ್ರಶ್ಶಿಂದ ಗುಡಿಸಿದೆ. ಹೀಟ್‌ಸಿಂಕ್ ಎತ್ತಿದರೆ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಒರೆಸಿ, ಹೆಸರುಕಾಳಿನಷ್ಟು ಹೊಸದು ಇಟ್ಟೆ. ಕಟಕಟ ಅನ್ನುತ್ತಿದ್ದ ಹಾರ್ಡ್‌ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕೂರಿಸಿದೆ. ಈಗ ನಮ್ಮನೆಯಲ್ಲಿ ಫ್ರಿಜ್ಜಿನ ಸದ್ದೇ ಜೋರು. ಒಳಗಿರುವುದು ಲಿಬ್ರೆಲೆಕ್ ಎಂಬ ಲಿನಕ್ಸ್, ಪುಕ್ಕಟೆ. ಸ್ವಿಚ್ ಒತ್ತಿದರೆ ಸಿನಿಮಾ ತೋರಿಸುವ ತಂತ್ರಾಂಶ ಕೋಡಿಯೇ ನೇರ ತೆರೆದುಕೊಳ್ಳುತ್ತದೆ. ಟಿವಿಯ ರಿಮೋಟಿಗೆ ಮಾತ್ರ ಈ ಡಬ್ಬಿ ಜಗ್ಗುವುದಿಲ್ಲ, ಯುಎಸ್‌ಬಿ ಡಾಂಗಲ್ ಇರುವ ರಿಮೋಟ್ ಬೇರೆ ಕೊಳ್ಳಬೇಕು.

ಈ ಆಫೀಸ್ ಡಬ್ಬಿಗಳ ಪೈಕಿ ಹೆಚ್ಚಿನವುಗಳ ಎಚ್‌ಡಿಎಂಐ ಹಳೆಯ 1.4. 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ ಕೊಟ್ಟರೆ ಅದೇ ದೊಡ್ಡದು. ಸಿನಿಮಾ ಓಡುವುದೇ 24ರಲ್ಲಿ, ಹಾಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 60 ಚಿತ್ರದ ವಿಡಿಯೊ ನೋಡುವವರು ಡಿಸ್ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ 2.0ಗೆ ಬದಲಿಸುವ ಆಕ್ಟಿವ್ ಕನ್ವರ್ಟರ್ ಹಾಕಿಕೊಳ್ಳಲಿ.

ಪೀಣ್ಯದ ಧೂಳಿನ ಕಡೆ ಮನೆಯಿದ್ದು, ವರ್ಷಕ್ಕೆರಡು ಸಲ ಬ್ರಶ್ ಹಿಡಿಯುವುದು ಆಗದ ಮಾತು ಅನ್ನುವವರಿಗೆ ನನ್ನ ಹಟ ಸಡಿಲಿಸುತ್ತೇನೆ. 2023ರಲ್ಲಿ ಬಂದ ಇಂಟೆಲ್ ಎನ್100 ಬರೀ 6 ವ್ಯಾಟ್‌ನದು, ಫ್ಯಾನೇ ಇಲ್ಲದ ಪೆಟ್ಟಿಗೆಯಲ್ಲೂ ಸಿಗುತ್ತದೆ. ಏಳನೇ ಜನರೇಷನ್‌ಗೆ ಬಾರದ ಎವಿ1 ವಿಡಿಯೊ ಕೂಡ ಇದಕ್ಕೆ ಬರುತ್ತದೆ.

ಇದೆಲ್ಲ ಸ್ವಂತ ಸಿನಿಮಾ ಸಂಗ್ರಹ ಇದ್ದವರಿಗೆ. ಲಿನಕ್ಸ್ ಓಡುವ ಡಬ್ಬಿಗೆ ನೆಟ್‌ಫ್ಲಿಕ್ಸ್ 4ಕೆ ಕೊಡುವುದಿಲ್ಲ. ಬರೀ ಓಟಿಟಿ ನೋಡುವವರಾದರೆ ಎಸ್.ಪಿ. ರಸ್ತೆಗೆ ಹೋಗಬೇಡಿ, ಟಿವಿಗೆ ಸಿಕ್ಕಿಸುವ ಸ್ಟಿಕ್ಕೊಂದು ಸಾಕು.